ಸಕ್ಕರೆ ನೀರಿನ ಎರಡು ಪ್ಲಸ್‌ಗಳು

ಮಂಡ್ಯದಲ್ಲಿ ಕಬ್ಬಿನ ಮಾತು ಬಂತೆಂದರೆ ಅದರ ಬೆನ್ನಿಗೇ ರಿಕವರಿ ಮಾತೂ ಬರುತ್ತದೆ. ಅರೆದ ಕಬ್ಬಿನಲ್ಲಿ ನೂರಕ್ಕೆ ಎಷ್ಟು ಪಾಲು ಸಕ್ಕರೆ ಕೈಗೆ ಬಂತು ಅನ್ನುವ ಲೆಕ್ಕ ಅದು. 1933ರಲ್ಲಿ ಹುಟ್ಟಿದ ಮೈಷುಗರ್ ಇರಲಿ, ಬೇರೆ ಕಾರ್ಖಾನೆ ಇರಲಿ, ರಸದಲ್ಲಿ ಸಕ್ಕರೆ ಎಷ್ಟಿದೆ ಅಂತ ತಿಳಿಯುವ ಹಳೆಯ ದಾರಿ ಪೋಲಾರಿಮೀಟರ್. ರಸದ ಮೂಲಕ ಹಾದ ಬೆಳಕು ಎಷ್ಟು ತಿರುಗಿತು ಎಂಬುದನ್ನು ಅದು ಅಳೆಯುತ್ತದೆ.

ಪೋಲರಾಯ್ಡ್ ಹಾಳೆ ದಾಟಿದ ಬೆಳಕಿನ ಅಲೆ ಒಂದೇ ನೇರದಲ್ಲಿ ಕಂಪಿಸುತ್ತದೆ. ಸಕ್ಕರೆ ನೀರಿನಲ್ಲಿ ಹಾದಾಗ ಆ ನೇರ ವಾಲುತ್ತದೆ. ನಮ್ಮತ್ತ ಬರುವ ಬೆಳಕಿಗೆ ಎದುರಾಗಿ ನಿಂತು ನೋಡಿ. ಬಲಕ್ಕೆ, ಅಂದರೆ ಗಡಿಯಾರದ ಮುಳ್ಳಿನಂತೆ ತಿರುಗಿದರೆ ಪ್ಲಸ್. 100 ಮಿ.ಲೀ. ದ್ರಾವಣದಲ್ಲಿ 20 ಗ್ರಾಂ ಸಕ್ಕರೆ ಇದ್ದು, ಕೊಳವೆ 10 ಸೆಂ.ಮೀ. ಉದ್ದವಿದ್ದರೆ ಸೋಡಿಯಂ ದೀಪದ ಬೆಳಕಿಗೆ ಸುಮಾರು +13.3 ಡಿಗ್ರಿ.

ಇನ್ನೊಂದು ಬಗೆಯ ತಿರುಗಾಟವನ್ನು 1845ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದರು. ಸೀಸ ಬೆರೆತ ಭಾರದ ಗಾಜು, ಪಕ್ಕದಲ್ಲಿ ಕಾಂತ, ನಡುವೆ ಬೆಳಕು. ಕಾಂತಕ್ಷೇತ್ರ ಬೆಳಕಿನ ದಾರಿಗುಂಟ ಇದ್ದಾಗ ಬೆಳಕು ತಿರುಗಿತು. ನೀರಿಗೂ ಈ ಗುಣ ಇದೆ. ತಿರುಗುವ ಕೋನ ಕ್ಷೇತ್ರದ ಬಲ, ದಾರಿಯ ಉದ್ದ ಮತ್ತು ವಸ್ತುವಿನ ವರ್ಡೆ ಸ್ಥಿರಾಂಕ (ಆ ವಸ್ತು ಎಷ್ಟು ತಿರುಗಿಸಬಲ್ಲದು ಅನ್ನುವ ಸಂಖ್ಯೆ), ಈ ಮೂರರ ಗುಣಲಬ್ಧ. ಇಲ್ಲಿ ಪ್ಲಸ್ ಅಂದರೆ ಯಾವ ಕಡೆ? ಕಾಂತಕ್ಷೇತ್ರ ಹುಟ್ಟಿಸುವ ತಂತಿ ಸುರುಳಿಯಲ್ಲಿ ಕರೆಂಟ್ ಸುತ್ತುವ ಕಡೆ. ನೋಡುವವರು ಎಲ್ಲಿ ನಿಂತಿದ್ದಾರೆ ಅನ್ನುವುದು ಈ ನಿಯಮಕ್ಕೆ ಬೇಕೇ ಇಲ್ಲ.

ಸರಿ, ನಮ್ಮ ಸಕ್ಕರೆ ನೀರಿನ ಕೊಳವೆಗೇ ತಂತಿ ಸುತ್ತೋಣ. ಕ್ಷೇತ್ರ 0.1 ಟೆಸ್ಲಾ, ದಿಕ್ಕು ನಮ್ಮ ಕಡೆಗೆ. ಆಗ ನಮ್ಮ ಕಣ್ಣಿಗೆ ಕರೆಂಟ್ ಎಡಕ್ಕೆ ಸುತ್ತುತ್ತದೆ. ನೀರಿನಿಂದಾಗಿ ಬೆಳಕೂ ಸುಮಾರು 2.2 ಡಿಗ್ರಿ ಎಡಕ್ಕೇ ತಿರುಗುತ್ತದೆ. ಸಕ್ಕರೆಯದ್ದೂ ಪ್ಲಸ್, ನೀರಿನದ್ದೂ ಪ್ಲಸ್, ಆದರೆ ಒಟ್ಟು ತಿರುಗಿದ್ದು 15.5 ಅಲ್ಲ, 11.1! 15.5 ಬೇಕಿದ್ದರೆ ಕರೆಂಟನ್ನು ತಿರುಗುಮುರುಗು ಮಾಡಬೇಕು.

ಪುಸ್ತಕಗಳ ಗೊಂದಲಕ್ಕೂ ಇದೇ ಬೇರು. ಒಂದರಲ್ಲಿ ‘ಬಲಕ್ಕೆ’, ಇನ್ನೊಂದರಲ್ಲಿ ‘ಎಡಕ್ಕೆ’ ಅಂತ ಇರುತ್ತದೆ, ಎರಡೂ ಸರಿಯೇ ಇರಬಹುದು. ಮೈಸೂರಿನ ದೊಡ್ಡ ಗಡಿಯಾರದ ಮುಖ ಬರೀ ಗಾಜು ಅಂದುಕೊಳ್ಳಿ. ಗೋಪುರದ ಒಳಗೆ ನಿಂತವರಿಗೆ ಮುಳ್ಳು ಎಡಕ್ಕೇ ಸುತ್ತುತ್ತದೆ ಅಲ್ವಾ? ಹಾಗೆಯೇ ಬೆಳಕಿನ ಹಿಂದೆ ನಿಂತು ಬರೆದವರು ಒಂದು ಹೇಳುತ್ತಾರೆ, ಎದುರು ನಿಂತವರು ಇನ್ನೊಂದು. ಎಲ್ಲಿ ನಿಂತಿದ್ದೇವೆ ಅಂತ ಬರೆಯದೆ ಸುಮ್ನೆ ‘ಬಲಕ್ಕೆ’ ಅನ್ನುವ ಪುಸ್ತಕದ ಮೇಲೆ ನನಗೆ ಸಿಟ್ಟು ಬರುತ್ತದೆ.

ಇದು ಬರೀ ಹೆಸರಿನ ಜಗಳ ಅಂತ ಬಿಡುವಂತಿಲ್ಲ. ಕೊಳವೆಯ ಕೊನೆಗೆ ಕನ್ನಡಿ ಇಟ್ಟು ಬೆಳಕನ್ನು ವಾಪಸ್ ಕಳಿಸಿ. ಸಕ್ಕರೆ ತಿರುಗಿಸಿದ್ದು ಅಳಿಸಿ ಸೊನ್ನೆಯಾಗುತ್ತದೆ, ಏಕೆಂದರೆ ಅದರ ಬಲ-ಎಡ ಬೆಳಕು ಹೋಗುವ ದಿಕ್ಕಿಗೆ ಅಂಟಿಕೊಂಡಿದೆ. ಕಾಂತ ತಿರುಗಿಸಿದ್ದು ಎರಡರಷ್ಟಾಗುತ್ತದೆ, ಏಕೆಂದರೆ ಅದು ಸುರುಳಿಗೆ ಅಂಟಿಕೊಂಡಿದೆ. ಹೋಗುವಾಗ 45 ಡಿಗ್ರಿ ತಿರುಗಿಸಿದರೆ ಬರುವಾಗ 90 ಆಗಿ, ಬೆಳಕು ಮೊದಲು ದಾಟಿ ಬಂದ ಪೋಲರೈಸರ್ (ಪೋಲರಾಯ್ಡ್‌ನಂಥ ಹಾಳೆ) ಅದನ್ನು ತಡೆದುಬಿಡುತ್ತದೆ. ಲೇಸರ್‌ಗೆ ಅದರದೇ ಬೆಳಕು ಮರಳಿ ಬಡಿಯದಂತೆ ಕಾಯುವ ಐಸೊಲೇಟರ್‌ನ ಗುಟ್ಟು ಇಷ್ಟೇ. ಅದರಲ್ಲಿ ಹೆಚ್ಚಾಗಿ ಬಳಸುವ ಟರ್ಬಿಯಂ ಗ್ಯಾಲಿಯಂ ಗಾರ್ನೆಟ್ ಹರಳು ನೀರಿಗಿಂತ ಮೂವತ್ತು ಪಟ್ಟಿಗೂ ಜಾಸ್ತಿ ತಿರುಗಿಸುತ್ತದೆ, ಅದೂ ಮೈನಸ್ ಕಡೆಗೆ. ಮೈನಸ್‌ಗೆ ಕಾರಣ ಕಾಂತಕ್ಕೆ ಸ್ಪಂದಿಸುವ ಟರ್ಬಿಯಂ ಅಯಾನುಗಳು. ಕೆಲವು ಕಬ್ಬಿಣದ ಲವಣಗಳೂ ಹೀಗೆ ಉಲ್ಟಾ ತಿರುಗಿಸುತ್ತವೆ ಅಂತ 19ನೇ ಶತಮಾನದಲ್ಲೇ ಎಮಿಲ್ ವರ್ಡೆ ಕಂಡುಕೊಂಡಿದ್ದರು.

ಖಗೋಳ ವಿಜ್ಞಾನಿಗಳ ಪಾಡು ಇನ್ನೂ ಮಜಾ. ಪಲ್ಸಾರ್‌ಗಳ, ಅಂದರೆ ಮಿಡಿಯುವಂತೆ ಅಲೆ ಕಳಿಸುವ ನಕ್ಷತ್ರಗಳ, ರೇಡಿಯೊ ಅಲೆ ತಿರುಗಿದ್ದನ್ನು ಅಳೆಯುವಾಗ, ದಾರಿಯಲ್ಲಿರುವ ಆಕಾಶಗಂಗೆಯ ಕಾಂತಕ್ಷೇತ್ರ ನಮ್ಮ ಕಡೆ ಮುಖ ಮಾಡಿದ್ದರೆ ಅವರಿಗೆ ಪ್ಲಸ್. ಅದೇ ಕ್ಷೇತ್ರವನ್ನು ಝೀಮನ್ ಪರಿಣಾಮದಿಂದ (ಕಾಂತಕ್ಷೇತ್ರದಲ್ಲಿ ಪರಮಾಣುಗಳ ಬೆಳಕಿನ ಗೆರೆ ಸೀಳುವುದರಿಂದ) ಅಳೆಯುವವರ ರೂಢಿಯಲ್ಲಿ, ನಮ್ಮಿಂದ ಆಚೆ ಮುಖ ಮಾಡಿದ್ದರೆ ಪ್ಲಸ್. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡುವವರು ಮೊದಲು ಒಂದರ ಚಿಹ್ನೆಗಳನ್ನೆಲ್ಲ ಬದಲಿಸಿಕೊಳ್ಳಬೇಕು.