ಹಿಟ್ಟಿನ ಕೋಳಿಯ ಪಾಪ: ಶಿಕ್ಷಿಸುವ ದೇವರಿಲ್ಲದೆ ಒಳಿತು ಕೆಡುಕಿನ ಲೆಕ್ಕ

ಚಂಡಮಾರಿಗೆ ಪ್ರಾಣಿಬಲಿ ಕೊಡಲೊಲ್ಲದ ಯಶೋಧರ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯೊಂದರ ಕತ್ತು ಕಡಿಯುತ್ತಾನೆ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ನವಿಲು ನಾಯಿಗಳಾಗಿ, ಮೀನು ಮೊಸಳೆಗಳಾಗಿ, ಕೊನೆಗೆ ಕೋಳಿಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಜನ್ನನ ‘ಯಶೋಧರ ಚರಿತೆ’ (1209) ಓದಿದವರಿಗೆ ಶಿಕ್ಷೆ ಅತಿಯಾಯಿತು ಅನ್ನಿಸುವುದು ಸಹಜ. ಆದರೆ ಈ ಕತೆಯಲ್ಲಿ ಶಿಕ್ಷೆ ಕೊಡುವವರೇ ಇಲ್ಲ. ಜೈನರ ಲೋಕಕ್ಕೆ ಸೃಷ್ಟಿಕರ್ತನೂ ಇಲ್ಲ, ನ್ಯಾಯ ತೀರ್ಮಾನಿಸುವ ಒಡೆಯನೂ ಇಲ್ಲ.

ಹಾಗಿದ್ದರೆ ಕೆಡುಕು ಕೆಡುಕಾಗುವುದು ಯಾವುದರಿಂದ? ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ನೇರವಾಗಿ ಪ್ರಶ್ನಿಸಿದರು. ಎಲ್ಲವೂ ತುಂಬಿದವನಿಗೆ ಸೃಷ್ಟಿಸುವ ಆಸೆ ಯಾಕೆ ಹುಟ್ಟಬೇಕು? ಕರುಣೆಯಿಂದ ಸೃಷ್ಟಿಸಿದನೆಂದರೆ ಜಗತ್ತಿನಲ್ಲಿ ಇಷ್ಟು ದುಃಖ ಯಾಕೆ? ಪ್ರಶ್ನೆ ಕೇಳುವುದು ಸುಲಭ. ದೇವರನ್ನು ಬಿಟ್ಟ ಮೇಲೆ ಪಾಪಪುಣ್ಯದ ಹೊಣೆಯನ್ನು ಯಾರ ಮೇಲೆ ಹೊರಿಸುವುದು ಎಂಬುದೇ ಕಷ್ಟದ ಮಾತು, ಜೈನಾಚಾರ್ಯರು ಶತಮಾನಗಟ್ಟಲೆ ಬೆವರು ಸುರಿಸಿದ್ದು ಅಲ್ಲೇ.

ಅವರ ಉತ್ತರದ ಬುಡ ಜೈನದರ್ಶನದ ಮೂಲಗ್ರಂಥವಾದ ‘ತತ್ತ್ವಾರ್ಥಸೂತ್ರ’ದಲ್ಲಿದೆ. ಕರ್ಮವೆಂದರೆ ಯಾರೋ ಬರೆದಿಟ್ಟ ಕಡತವಲ್ಲ, ಪುದ್ಗಲ. ಅಂದರೆ ಅತಿ ಸೂಕ್ಷ್ಮವಾದ ಜಡವಸ್ತು. ಮನಸ್ಸು, ಮಾತು, ಮೈ ಅಲುಗಿದಾಗಲೆಲ್ಲ ಅದು ಜೀವದತ್ತ ಹರಿದು ಬರುತ್ತದೆ. ಇದು ಆಸ್ರವ. ಬಂದದ್ದು ಅಂಟಿಕೊಂಡರೆ ಬಂಧ. ಅಂಟಿಸುವುದು ಕ್ರೋಧ, ಮಾನ (ಗರ್ವ), ಮಾಯೆ (ವಂಚನೆ), ಲೋಭವೆಂಬ ನಾಲ್ಕು ಕಷಾಯಗಳು, ಅಂದರೆ ಒಳಗನ್ನು ಕದಡುವ ಭಾವಗಳು. ಇದಕ್ಕೆ ಹಳಬರು ಕೊಡುವ ಹೋಲಿಕೆ ಗೋಡೆಯದು: ಒಣಗೋಡೆಗೆ ಬಿದ್ದ ಧೂಳು ಉದುರಿ ಹೋಗುತ್ತದೆ, ಜಿಡ್ಡುಗೋಡೆಗೆ ಬಿದ್ದದ್ದು ಕೂತುಬಿಡುತ್ತದೆ.

ಇಲ್ಲಿ ಒಂದು ವಿಭಜನೆಯನ್ನು ಗಮನಿಸಬೇಕು, ಇಡೀ ಸಿದ್ಧಾಂತ ನಿಂತಿರುವುದೇ ಅದರ ಮೇಲೆ. ಬಂಧಕ್ಕೆ ನಾಲ್ಕು ಮುಖ: ಪ್ರಕೃತಿ (ಯಾವ ಬಗೆಯ ಕರ್ಮ), ಪ್ರದೇಶ (ಎಷ್ಟು), ಸ್ಥಿತಿ (ಎಷ್ಟು ಕಾಲ), ಅನುಭಾಗ (ಎಷ್ಟು ತೀವ್ರ). ಮೊದಲೆರಡನ್ನು ನಿರ್ಧರಿಸುವುದು ಚಟುವಟಿಕೆ, ಕೊನೆಯೆರಡನ್ನು ಕಷಾಯ. ಕೆಲಸ ಚಿಕ್ಕದಿರಬಹುದು, ಒಳಗಿನ ಕಾವು ದೊಡ್ಡದಿದ್ದರೆ ಫಲವೂ ದೀರ್ಘ. ಕರ್ಮಕ್ಕೆ ಎಂಟು ಮೂಲಪ್ರಕೃತಿಗಳು (ಮುಖ್ಯ ಬಗೆಗಳು), 148 ಉತ್ತರಪ್ರಕೃತಿಗಳು (ಉಪಬಗೆಗಳು). ವಿವೇಕವನ್ನೇ ಮಂಕಾಗಿಸುವ ಮೋಹನೀಯಕ್ಕೆ ಹೆಚ್ಚೆಂದರೆ 70 ಕೋಟಾಕೋಟಿ ಸಾಗರೋಪಮ (ಎಣಿಕೆಗೆ ಸಿಗದಷ್ಟು ದೊಡ್ಡ ಕಾಲಮಾನ) ಕಾಲದ ಆಯಸ್ಸು. ಉಳಿದ ಯಾವ ಕರ್ಮಕ್ಕೂ ಇಷ್ಟು ದೀರ್ಘಾವಧಿ ಇಲ್ಲ.

ಕೆಡುಕು ಒಳಬರುವ ಬಾಗಿಲುಗಳನ್ನೂ ಎಣಿಸಿದ್ದಾರೆ. ಸಂಕಲ್ಪಿಸುವುದು, ಸಾಧನ ಹೊಂದಿಸುವುದು, ಶುರುಮಾಡುವುದು, ಹೀಗೆ 3. ಮನಸ್ಸು, ಮಾತು, ಮೈಯಿಂದ 3. ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು 3. ಕಷಾಯ 4. ಗುಣಿಸಿದರೆ 108. ಯಶೋಧರ ಮಾಡಿದ, ಚಂದ್ರಮತಿ ಮಾಡಿಸಿದಳು. ಲೆಕ್ಕ ಇಬ್ಬರಿಗೂ ಹತ್ತಿತು. ಹಿಟ್ಟಿನ ಕೋಳಿಗೆ ಪ್ರಾಣವಿರಲಿಲ್ಲ ನಿಜ, ಕೊಲ್ಲುವ ಸಂಕಲ್ಪಕ್ಕೆ ಇತ್ತು.

ಇದೇ ಕತೆಯನ್ನು 959ರಲ್ಲಿ ‘ಯಶಸ್ತಿಲಕ’ವಾಗಿ ಬರೆದ ಸೋಮದೇವಸೂರಿ ಬೆಸ್ತ ಮತ್ತು ಒಕ್ಕಲಿಗನ ಉದಾಹರಣೆ ಕೊಡುತ್ತಾರೆ: ಬಲೆ ಹಿಡಿದು ಕೂತವನಿಗೆ ಮೀನು ಸಿಗದಿದ್ದರೂ ಪಾಪ, ಉಳುವವನ ನೇಗಿಲಿಗೆ ಹುಳ ಸತ್ತರೂ ಹಾಗಲ್ಲ. ಗೃಹಸ್ಥರಿಗೆ ಬದುಕಲು ದಾರಿ ಮಾಡಿಕೊಟ್ಟ ವಿಂಗಡಣೆಯೂ ಇದೇ ಜಾಡಿನದು. ಅಡುಗೆ ಮನೆಗೆಲಸದ ಆರಂಭೀ, ಕಸುಬಿನ ಉದ್ಯೋಗೀ, ಆತ್ಮರಕ್ಷಣೆಯ ವಿರೋಧೀ ಹಿಂಸೆಗಳನ್ನು ಆದಷ್ಟು ತಗ್ಗಿಸಬೇಕು. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯನ್ನು ಮಾತ್ರ ಪೂರ್ತಿ ಬಿಡಬೇಕು.

ಈ ಕರ್ಮಶಾಸ್ತ್ರದ ಆಕರವಾದ ಷಟ್ಖಂಡಾಗಮದ ಪ್ರಾಕೃತ ಪಾಠ, ಧವಲಾ ಟೀಕೆಯೊಡನೆ, ಉಳಿದುಬಂದದ್ದು ಮೂಡುಬಿದಿರೆಯ ಬಸದಿಯಲ್ಲಿ, ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ. ಅಚ್ಚಾಗಿ ಹೊರಬರಲು 1939ರ ತನಕ ಕಾಯಬೇಕಾಯಿತು. ಅದರ ಸಾರವನ್ನು ಚಾವುಂಡರಾಯನಿಗಾಗಿ ‘ಗೊಮ್ಮಟಸಾರ’ವಾಗಿ ಇಳಿಸಿದವರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿ. 1359ರಲ್ಲಿ ಕೇಶವವರ್ಣಿ ಅದಕ್ಕೆ ಕನ್ನಡ ಟೀಕೆ ಬರೆದರು. ಇಷ್ಟು ಜಟಿಲ ಗಣಿತವನ್ನು ಕನ್ನಡ ಅಂದೇ ಹೊತ್ತಿತ್ತು ಎಂಬುದನ್ನು ನಾವು ಮರೆತಿರುವುದು ನೋವಿನ ಸಂಗತಿ.

ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಪುಣ್ಯ ಕೂಡಿಟ್ಟರೆ ಬಿಡುಗಡೆ ಎಂದುಕೊಳ್ಳುವುದು ಒಂದು. ಕುಂದಕುಂದಾಚಾರ್ಯರ ಪ್ರಕಾರ ಪಾಪ ಕಬ್ಬಿಣದ ಬೇಡಿಯಾದರೆ ಪುಣ್ಯ ಚಿನ್ನದ ಬೇಡಿ. ಇನ್ನೊಂದು, ಕರ್ಮವನ್ನು ಹಣೆಬರಹ ಮಾಡಿಬಿಡುವುದು. ಗೊಮ್ಮಟಸಾರ ಹೇಳುವ ಹತ್ತು ಕರಣಗಳಲ್ಲಿ, ಅಂದರೆ ಕರ್ಮದ ಅವಸ್ಥೆಗಳಲ್ಲಿ, ಅಪಕರ್ಷಣವೆಂದರೆ ಕಟ್ಟಿದ ಕರ್ಮದ ಕಾಲವನ್ನೂ ಬಲವನ್ನೂ ಕುಗ್ಗಿಸುವುದು. ಸಂಕ್ರಮಣವೆಂದರೆ ಒಂದು ಉಪಬಗೆಯನ್ನು ಇನ್ನೊಂದಾಗಿ ಬದಲಿಸುವುದು. ಉದೀರಣವೆಂದರೆ ಅವಧಿಗೆ ಮೊದಲೇ ಮಾಗಿಸುವುದು. ಬದಲಿಸಲಾಗದ ನಿಕಾಚಿತ ಕರ್ಮ ಇದ್ದೇ ಇದೆ, ಆದರೆ ಅದು ಹತ್ತರಲ್ಲಿ ಒಂದು. ಬದಲಿಸುವುದು ಯಾರ ಕೃಪೆಯೂ ಅಲ್ಲ, ಜೀವದ ಪರಿಣಾಮ, ಅಂದರೆ ಒಳಗಿನ ಭಾವ.

ಕೋಳಿಗಳಾಗಿ ಹುಟ್ಟಿದ ತಾಯಿ ಮಗ ಮುನಿಯ ಮಾತು ಕೇಳಿ ಹಿಂದಿನ ಜನ್ಮಗಳನ್ನು ನೆನೆದು ಸಂತೋಷದಿಂದ ಕೂಗುತ್ತವೆ. ಆ ದನಿ ಹಿಡಿದು ರಾಜ ಬಾಣ ಬಿಡುತ್ತಾನೆ. ಮುಂದಿನ ಹುಟ್ಟಿನಲ್ಲಿ ಅವರು ಆ ರಾಜನ ಮಕ್ಕಳೇ ಆಗುತ್ತಾರೆ, ಅಭಯರುಚಿ, ಅಭಯಮತಿ.