ಒಂದೇ ಕಿಡಿಯಲ್ಲಿ ಬೆಳಕಿನ ಎರಡು ಗುಟ್ಟು

ವಿದ್ಯುತ್ಕಾಂತತೆ, ಬೆಳಕು, ಆಧುನಿಕ ಭೌತಶಾಸ್ತ್ರ ಎಂದು ಪಠ್ಯದಲ್ಲಿ ಮೂರು ಭಾಗಗಳಿರುತ್ತವೆ. ಬಿಡಿಬಿಡಿಯಾಗಿ ಓದಿದರೆ ಮೂರೂ ಭಾರವೇ. ಆದರೆ ಮೂರನ್ನೂ ಒಟ್ಟಿಗೆ ಹೆಣೆಯುವ ಪ್ರಯೋಗವೊಂದಿದೆ: ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹೈನ್ರಿಕ್ ಹರ್ಟ್ಸ್ ಅವರು 1887ರ ಸುಮಾರಿಗೆ ನಡೆಸಿದ ಕಿಡಿಯ ಪ್ರಯೋಗ. ಅದನ್ನು ನಡುವೆ ಇಟ್ಟುಕೊಂಡು ಓದಲು ಶುರುಮಾಡಿದ ಮೇಲೆಯೇ ಈ ವಿಷಯ ನನಗೆ ಕೈಗೆ ಹತ್ತಿದ್ದು.

ಮೊದಲು ಅಲ್ಲಿಗೆ ಹೋಗುವ ದಾರಿ. ಸುರುಳಿಯೊಳಗೆ ಅಯಸ್ಕಾಂತ ಸುಮ್ಮನೆ ಕುಳಿತಿದ್ದರೆ, ಅದು ಎಷ್ಟೇ ಪ್ರಬಲವಾಗಿರಲಿ, ವಿದ್ಯುತ್ ಹರಿಯುವುದಿಲ್ಲ. ಒಳಗೆ ತಳ್ಳುವಾಗ ಗ್ಯಾಲ್ವನೋಮೀಟರಿನ (ಸಣ್ಣ ವಿದ್ಯುತ್ ಪ್ರವಾಹವನ್ನೂ ತೋರಿಸುವ ಸಾಧನ) ಮುಳ್ಳು ಒಂದು ಕಡೆಗೆ ಸರಿಯುತ್ತದೆ, ಹೊರಗೆಳೆಯುವಾಗ ಇನ್ನೊಂದು ಕಡೆಗೆ. 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು ಇದನ್ನೇ. ಲೆಕ್ಕಕ್ಕೆ ಬರುವುದು ಕಾಂತೀಯ ಅಭಿವಾಹ, ಅಂದರೆ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರದ ಮೊತ್ತ, ಎಷ್ಟಿದೆ ಎಂಬುದಲ್ಲ, ಎಷ್ಟು ಬೇಗ ಬದಲಾಗುತ್ತಿದೆ ಎಂಬುದು. ಏಕರೂಪದ ಕಾಂತಕ್ಷೇತ್ರದಲ್ಲಿ ತಿರುಗುವ ಸುರುಳಿಯಲ್ಲಿ ಅಭಿವಾಹ ಗರಿಷ್ಠವಾಗಿರುವ ಕ್ಷಣದಲ್ಲೇ ಪ್ರೇರಿತ ವೋಲ್ಟೇಜ್ ಸೊನ್ನೆಯಾಗುವುದು ಇದಕ್ಕಾಗಿಯೇ. ಈ ಮಾತು ಮನಸ್ಸಿಗೆ ಇಳಿಯುವವರೆಗೆ ಮುಂದೆ ಹೋಗಬೇಡಿ.

ಮ್ಯಾಕ್ಸ್‌ವೆಲ್ ಇದರ ಮತ್ತೊಂದು ಮಗ್ಗುಲನ್ನು ಸೇರಿಸಿದರು: ಬದಲಾಗುವ ವಿದ್ಯುತ್ ಕ್ಷೇತ್ರವೂ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಹಾಗಾದರೆ ಒಂದು ಇನ್ನೊಂದನ್ನು ಹುಟ್ಟಿಸುತ್ತಾ ಎರಡೂ ಖಾಲಿ ಜಾಗದಲ್ಲಿ ಮುಂದೆ ಸಾಗಬೇಕು. ಎಷ್ಟು ವೇಗದಲ್ಲಿ? ನಿರ್ವಾತದ ವಿದ್ಯುತ್ ಸ್ಥಿರಾಂಕ 8.85 × 10⁻¹², ಕಾಂತೀಯ ಸ್ಥಿರಾಂಕ 1.26 × 10⁻⁶. ಎರಡನ್ನೂ ಗುಣಿಸಿ, ವರ್ಗಮೂಲ ತೆಗೆದು, ಒಂದನ್ನು ಅದರಿಂದ ಭಾಗಿಸಿ. ಸೆಕೆಂಡಿಗೆ ಸುಮಾರು 3 × 10⁸ ಮೀಟರ್ ಬರುತ್ತದೆ. ಅದು ಬೆಳಕಿನ ವೇಗ! ಇದನ್ನು ಒಮ್ಮೆಯಾದರೂ ಸ್ವಂತ ಕೈಯಿಂದ ಮಾಡಿ ನೋಡಿ. ಬೆಳಕಿನ ಪ್ರಸ್ತಾಪವೇ ಇಲ್ಲದ ಎರಡು ಅಂಕಿಗಳಿಂದ ಬೆಳಕು ಹೊರಬರುವುದನ್ನು ಕಾಣುವ ಸುಖವೇ ಬೇರೆ.

ಈ ಅಲೆಗಳನ್ನು ಪ್ರಯೋಗದಲ್ಲಿ ಹಿಡಿದು ತೋರಿಸಿದವರು ಹರ್ಟ್ಸ್. ಒಂದು ಕಡೆ ಕಿಡಿ ಹಾರಿಸುವ ಸಾಧನ. ಸ್ವಲ್ಪ ದೂರದಲ್ಲಿ, ಎಲ್ಲಿಯೂ ಜೋಡಿಸದ ಒಂದು ತಂತಿಯ ಬಳೆ, ಅದರಲ್ಲಿ ಕೂದಲೆಳೆಯಷ್ಟು ಬಿರುಕು. ಅಲ್ಲಿ ಕಿಡಿ ಹಾರಿದರೆ ಈ ಬಿರುಕಿನಲ್ಲೂ ಸಣ್ಣ ಕಿಡಿ ಮಿನುಗುತ್ತದೆ. ಅದನ್ನು ಚೆನ್ನಾಗಿ ನೋಡಲೆಂದು ಅವರು ಬಳೆಯನ್ನು ಕತ್ತಲೆಯ ಪೆಟ್ಟಿಗೆಯೊಳಗೆ ಇಟ್ಟಾಗ ಕಿಡಿ ದುರ್ಬಲವಾಯಿತು. ಮೊದಲ ಕಿಡಿಯ ಬೆಳಕು ಬಿದ್ದರಷ್ಟೇ ಎರಡನೆಯದು ಜೋರಾಗಿ ಹಾರುತ್ತಿತ್ತು. ನಡುವೆ ಗಾಜು ಇಟ್ಟರೂ ಕುಂದುತ್ತಿತ್ತು, ಸ್ಫಟಿಕ ಶಿಲೆಯ ಫಲಕ ಇಟ್ಟರೆ ಕುಂದುತ್ತಿರಲಿಲ್ಲ. ಬೆಳಕು ಅಲೆ ಎಂದು ಸಾಬೀತುಪಡಿಸಲು ಹೊರಟ ಪ್ರಯೋಗದಲ್ಲೇ, ಬರಿಯ ಅಲೆ ಎಂದು ವಿವರಿಸಲಾಗದ ಮೊದಲ ಸುಳಿವೂ ಇತ್ತು.

ಆ ಸುಳಿವೇ ದ್ಯುತಿವಿದ್ಯುತ್ ಪರಿಣಾಮ: ಬೆಳಕು ಬಿದ್ದ ಲೋಹದಿಂದ ಎಲೆಕ್ಟ್ರಾನುಗಳು ಚಿಮ್ಮುವುದು. ಬಿರುಕಿನ ಕಿಡಿ ಜೋರಾಗುತ್ತಿದ್ದದ್ದು ಇದರಿಂದಲೇ. ಬೆಳಕು ಬರಿಯ ಅಲೆಯಾಗಿದ್ದರೆ, ಅದನ್ನು ಪ್ರಖರಗೊಳಿಸಿದಷ್ಟೂ ಎಲೆಕ್ಟ್ರಾನುಗಳು ಹೆಚ್ಚು ಶಕ್ತಿಯಿಂದ ಚಿಮ್ಮಬೇಕಿತ್ತು. ಹಾಗಾಗುವುದಿಲ್ಲ. ಎಲೆಕ್ಟ್ರಾನುಗಳ ಸಂಖ್ಯೆ ಹೆಚ್ಚುತ್ತದೆ, ಒಂದೊಂದರ ಗರಿಷ್ಠ ಶಕ್ತಿ ಇದ್ದಷ್ಟೇ ಇರುತ್ತದೆ. 1905ರಲ್ಲಿ ಐನ್‌ಸ್ಟೈನ್ ಕೊಟ್ಟ ಉತ್ತರ: ಬೆಳಕು ತನ್ನ ಶಕ್ತಿಯನ್ನು ಪೊಟ್ಟಣಗಳಲ್ಲಿ ಕೊಡುತ್ತದೆ, ಒಂದು ಪೊಟ್ಟಣ ಒಂದು ಎಲೆಕ್ಟ್ರಾನಿಗೆ. ನಾವು ಈಗ ಫೋಟಾನ್ ಎನ್ನುವುದು ಈ ಪೊಟ್ಟಣವನ್ನೇ.

ಲೆಕ್ಕಕ್ಕೆ ಒಂದೇ ಅಂಕಿ ನೆನಪಿಟ್ಟುಕೊಳ್ಳಿ: 1240. ಇದನ್ನು ನ್ಯಾನೋಮೀಟರಿನಲ್ಲಿರುವ ತರಂಗಾಂತರದಿಂದ ಭಾಗಿಸಿದರೆ ಫೋಟಾನಿನ ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ಸಿಗುತ್ತದೆ. ಸೋಡಿಯಂನಿಂದ ಎಲೆಕ್ಟ್ರಾನನ್ನು ಬಿಡಿಸಲು ಕನಿಷ್ಠ 2.3 ಬೇಕು, ಇದು ಅದರ ವರ್ಕ್ ಫಂಕ್ಷನ್. 650ರ ಕೆಂಪು ಬೆಳಕಿನ ಫೋಟಾನಿನಲ್ಲಿ ಇರುವುದು 1.9 ಮಾತ್ರ, ಸಾಲದು. 400ರ ನೇರಳೆಯಲ್ಲಿ 3.1 ಇದೆ, ಖರ್ಚು ಕಳೆದು ಉಳಿಯುವ 0.8 ಎಲೆಕ್ಟ್ರಾನಿನ ಗರಿಷ್ಠ ಚಲನಶಕ್ತಿ.

ಈಗ ಹರ್ಟ್ಸ್ ಅವರ ಗಾಜಿಗೆ ಮರಳಿ ಬನ್ನಿ. ಉದಾಹರಣೆಗೆ ಸತುವನ್ನು ತೆಗೆದುಕೊಳ್ಳಿ: ಅದರ ವರ್ಕ್ ಫಂಕ್ಷನ್ ಸುಮಾರು 4.3. 1240ನ್ನು ಅದರಿಂದ ಭಾಗಿಸಿದರೆ 288 ನ್ಯಾನೋಮೀಟರ್, ಅಂದರೆ ನೇರಳಾತೀತ. ಸಾಮಾನ್ಯ ಗಾಜು ಆ ತರಂಗಾಂತರದ ಬೆಳಕನ್ನು ಬಹುಪಾಲು ಹೀರಿಕೊಳ್ಳುತ್ತದೆ, ಸ್ಫಟಿಕ ಶಿಲೆ ಹಾದುಹೋಗಲು ಬಿಡುತ್ತದೆ.