ಅಣ್ಣ ದಕ್ಷಿಣ ಸುಡಾನ್‌ನಲ್ಲಿ, ಮನೆಗೆ ಸಮನ್ಸ್: ಕೇಸು ಕಾಯುತ್ತದೆಯೇ?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕು. ಅಣ್ಣ ಸೇನೆಯಲ್ಲಿ ಹವಾಲ್ದಾರ್. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ದಕ್ಷಿಣ ಸುಡಾನ್‌ಗೆ ಹೋಗಿದ್ದಾರೆ. ದೊಡ್ಡಪ್ಪನ ಮಕ್ಕಳು ಜಮೀನಿಗೆ ವಿಭಾಗದ ದಾವೆ ಹಾಕಿ ನಮ್ಮಿಬ್ಬರನ್ನೂ ಪ್ರತಿವಾದಿ ಮಾಡಿದ್ದಾರೆ. ಅಮೀನರು ಸಮನ್ಸ್ ತಂದಾಗ ಅತ್ತಿಗೆ ಹೆದರಿ ಸಹಿ ಹಾಕಲಿಲ್ಲ. ಅಣ್ಣ ಬರುವವರೆಗೆ ಕೇಸು ನಿಲ್ಲುತ್ತದೆಯೇ?

ಉತ್ತರ: ತಾನಾಗಿ ನಿಲ್ಲುವುದಿಲ್ಲ, ಕೇಳಿದರೆ ನಿಲ್ಲಬಹುದು. "ದೇಶ ಕಾಯೋನಿಗೆ ಕೋರ್ಟು ಏನ್ ಮಾಡ್ತದೆ" ಎಂದು ಜಗಲಿಯಲ್ಲಿ ಕೂತವರು ಹೇಳುವ ಧೈರ್ಯದ ಮಾತು ನಂಬಿ ವಾಯಿದೆ ತಪ್ಪಿಸಿದರೆ ಏಕಪಕ್ಷೀಯ ತೀರ್ಪಾದೀತು. ಸಹಿ ಹಾಕದಿದ್ದರೆ ಕೇಸು ಇಲ್ಲವಾಗುವುದೂ ಇಲ್ಲ. ಆದರೆ ಪ್ರತಿವಾದಿ ಸೈನಿಕನಾಗಿದ್ದರೆ ಸಮನ್ಸನ್ನು ಅವರ ಕಮಾಂಡಿಂಗ್ ಆಫೀಸರ್‌ಗೆ ಕಳಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. ನಿಮ್ಮ ವಕೀಲರು ಮೊದಲ ವಾಯಿದೆಯಲ್ಲೇ ಇದನ್ನು ನ್ಯಾಯಾಲಯದ ಗಮನಕ್ಕೆ ತರಲಿ.

ಭಾರತೀಯ ಸೈನಿಕರ (ದಾವೆಗಳ) ಕಾಯ್ದೆ ಬಂದದ್ದು 1925ರಲ್ಲಿ. ಯುದ್ಧದಲ್ಲೋ ಕಡಲಾಚೆಯಲ್ಲೋ ಸೇವೆಯಲ್ಲಿರುವ ಸೈನಿಕನ ಪರ ಯಾರೂ ಹಾಜರಿಲ್ಲದಿದ್ದರೆ ನ್ಯಾಯಾಲಯ ಸೇನಾ ಪ್ರಾಧಿಕಾರಕ್ಕೆ ನೋಟಿಸ್ ಕಳಿಸುತ್ತದೆ. ಕೇಸು ಮುಂದೂಡುವುದು ನ್ಯಾಯಕ್ಕೆ ಅಗತ್ಯವೆಂದು ಅಲ್ಲಿಂದ ಪ್ರಮಾಣಪತ್ರ ಬಂದರೆ ಮುಂದೂಡಲೇಬೇಕು. ಸಿವಿಲ್ ಕೋರ್ಟಿಗಷ್ಟೇ ಅಲ್ಲ, ಕಂದಾಯ ವ್ಯಾಜ್ಯಗಳಿಗೂ ಈ ರಕ್ಷಣೆ ಉಂಟು.

ನಿಮ್ಮ ವಿಷಯದಲ್ಲಿ ತೊಡಕು ಇರುವುದು ಇಲ್ಲೇ. ಸೈನಿಕನ ಹಿತವೂ ಇನ್ನೊಬ್ಬ ಪಕ್ಷಗಾರನ ಹಿತವೂ ಒಂದೇ ಆಗಿದ್ದು, ಆ ಇನ್ನೊಬ್ಬ ಪಕ್ಷಗಾರ ಚೆನ್ನಾಗಿ ವಾದಿಸುತ್ತಿದ್ದರೆ ಕೇಸು ತಡೆಯದಿರಲು ನ್ಯಾಯಾಲಯಕ್ಕೆ ಅವಕಾಶವಿದೆ. ತಮ್ಮನಾಗಿ ನೀವು ಇದ್ದೀರಲ್ಲ! ಹಾಗಾಗಿ ಮುಂದೂಡಿಕೆಯೊಂದನ್ನೇ ನೆಚ್ಚಿಕೊಳ್ಳಬೇಡಿ.

ಇದಕ್ಕಿಂತ ಗಟ್ಟಿಯಾದ ದಾರಿ ಸಂಹಿತೆಯ 28ನೇ ಆದೇಶದಲ್ಲಿದೆ, ನಮ್ಮ ಕಡೆ ಬಹಳ ಕುಟುಂಬಗಳಿಗೆ ಇದು ಗೊತ್ತೇ ಇಲ್ಲ. ರಜೆ ಸಿಗದ ಸೈನಿಕ ತನ್ನ ಪರವಾಗಿ ಕೇಸು ನಡೆಸಲು ಯಾರಿಗಾದರೂ ಲಿಖಿತ ಅಧಿಕಾರ ಕೊಡಬಹುದು. ಕಮಾಂಡಿಂಗ್ ಆಫೀಸರ್ ಎದುರು ಅಣ್ಣ ಸಹಿ ಮಾಡಬೇಕು, ಆಫೀಸರ್ ಮೇಲುಸಹಿ ಹಾಕಬೇಕು. ಪತ್ರ ಸರಿಯಾಗಿ ಆಗಿದೆ, ರಜೆ ಸಿಗಲಿಲ್ಲ ಎಂಬ ಎರಡಕ್ಕೂ ಆ ಮೇಲುಸಹಿಯೇ ಪುರಾವೆ. ಓ.ಎಸ್. ನಂಬರು (ಮೂಲ ದಾವೆಯ ಸಂಖ್ಯೆ), ನ್ಯಾಯಾಲಯದ ಹೆಸರು, ವಾಯಿದೆಯ ದಿನ ಇವತ್ತೇ ಅಣ್ಣನಿಗೆ ಕಳಿಸಿ. ವಾಟ್ಸ್‌ಆ್ಯಪ್ ಫೋಟೋ ಸಾಲದು, ಮೂಲ ಪತ್ರವೇ ಕೋರ್ಟಿಗೆ ಹೋಗಬೇಕು.

ಒಂದು ಮಾತು ಬೇಸರಿಸದೆ ಕೇಳಿ: ಅಧಿಕಾರ ನಿಮ್ಮ ಹೆಸರಿಗಿಂತ ಅತ್ತಿಗೆಯ ಹೆಸರಿಗಿರಲಿ. ನಾಳೆ ಅಣ್ಣತಮ್ಮಂದಿರ ಭಾಗದ ಪ್ರಶ್ನೆಯೇ ಎದ್ದರೆ ಯಾರಿಗೂ ಇರಿಸುಮುರಿಸಾಗದು.

ಖರ್ಚಿನ ಚಿಂತೆಯಿದ್ದರೆ ಅತ್ತಿಗೆ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೋ ಮಂಡ್ಯದ ಜಿಲ್ಲಾ ಪ್ರಾಧಿಕಾರಕ್ಕೋ ಅರ್ಜಿ ಕೊಡಲಿ. 1987ರ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100. ಸೈನಿಕರ ಕುಟುಂಬಗಳಿಗೆಂದೇ ಜುಲೈ 2025ರಲ್ಲಿ ವೀರ್ ಪರಿವಾರ್ ಸಹಾಯತಾ ಯೋಜನೆಯೂ ಶುರುವಾಗಿದೆ.

ಮುಂದೆ ಅಣ್ಣನಿಗೆ ಕೇಸಿಗಾಗಿ ರಜೆ ಸಿಕ್ಕರೆ ಆ ರಜೆಯ ಪ್ರಮಾಣಪತ್ರ ತರಲು ಹೇಳಿ. ಅದನ್ನಿಟ್ಟು ಅರ್ಜಿ ಕೊಟ್ಟರೆ, ಸಾಧ್ಯವಾದಷ್ಟೂ ರಜೆಯೊಳಗೇ ವಿಚಾರಣೆ ಮುಗಿಸಲು ನ್ಯಾಯಾಲಯ ಏರ್ಪಾಡು ಮಾಡಬೇಕು. 1950ರ ಸೇನಾ ಕಾಯ್ದೆಯ 32ನೇ ಕಲಂ ಇರುವುದು ಇದಕ್ಕೇ.